ರುಚಿಯಕ್ಕನ ನಾಲ್ಕು ಬಟ್ಟಲು

ರುಚಿಯಕ್ಕನಿಗೆ ಹೆತ್ತವರು ಇಟ್ಟ ಹೆಸರೊಂದು ಇದೆ. ಅದು ಸಂಬಳದ ಪಟ್ಟಿಯಲ್ಲೂ ಆಸ್ಪತ್ರೆಯ ಚೀಟಿಯಲ್ಲೂ ಮಾತ್ರ ಕಾಣಿಸಿಕೊಳ್ಳುತ್ತದೆ. ಮಿಕ್ಕಂತೆ ಸೋಯಾ ಬೆಳೆಯುವ ಇಪ್ಪತ್ತಾರು ಮಂದಿಗೂ, ಕಾಯಿ ಕೊಳ್ಳುವ ಶೆಡ್ಡಿನವರಿಗೂ, ಲಾರಿ ಡ್ರೈವರಿಗೂ ಅವಳು ರುಚಿಯಕ್ಕ. ವಯಸ್ಸು ನಲವತ್ತಮೂರು. ಮೊಮ್ಮಕ್ಕಳನ್ನು ಕಂಡ ಗಂಡಸರೂ ಅಕ್ಕ ಎಂದು ಕರೆಯುವಾಗ ಮೊದಮೊದಲು ಮುಜುಗರವಾಗುತ್ತಿತ್ತು. ಈಗ ಯಾರಾದರೂ ಹೆಸರು ಹಿಡಿದು ಕರೆದರೆ, ಹಿಂದೆ ಯಾರಿದ್ದಾರೆಂದು ತಿರುಗಿ ನೋಡುತ್ತಾಳೆ.

ಅವಳ ಕೆಲಸ ಏನೆಂದು ಕೇಳಿದವರು ನಗುತ್ತಾರೆ. ಹಸಿ ಸೋಯಾ ಕಾಯಿ ತಿನ್ನುವುದು. ತಿಂದು, ಯಾವ ಹೊಲವನ್ನು ಯಾವತ್ತು ಕೊಯ್ಯಬೇಕು ಎಂದು ಹೇಳುವುದು. "ತಿನ್ನೋಕೂ ಸಂಬಳ ಕೊಡ್ತಾರಾ? ಹಾಗಾದ್ರೆ ನಮ್ಮ ಯಜಮಾನರನ್ನೂ ಸೇರಿಸ್ಕೊಳ್ಳಿ, ಅವರಿಗೆ ಬೇರೆ ಕೆಲಸ ಬರಲ್ಲ" ಎಂದು ಪಕ್ಕದ ಮನೆಯಾಕೆ ಒಮ್ಮೆ ಅಂದಿದ್ದಳು. ಪಾಪ, ಈ ಬೆಳೆಯ ಗೋಳು ಆಕೆಗೆ ಗೊತ್ತಿಲ್ಲ.

ಮೊದಲೂ ಈ ಕಡೆ ಸೋಯಾ ಬೆಳೆಯುತ್ತಿದ್ದರು. ಆದರೆ ಅದು ಎಣ್ಣೆಗೆ, ಹಿಂಡಿಗೆ. ಎಲೆ ಉದುರಿ, ಗಿಡ ಒಣಗಿ, ಅಲ್ಲಾಡಿಸಿದರೆ ಕಾಯೊಳಗೆ ಕಾಳು ಗಿಲಿಗಿಲಿ ಅನ್ನುವ ತನಕ ಯಾರೂ ಹೊಲದ ದಿಕ್ಕಿಗೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಹಸಿ ಸೋಯಾ ಬಂದದ್ದು ಶೆಡ್ಡು ಬಂದ ಮೇಲೆ. ಇದರ ಕಾಳು ದಪ್ಪ. ಕಾಯಿ ಹಚ್ಚಹಸಿರಾಗಿರುವಾಗಲೇ ಕೊಯ್ದು, ಉಪ್ಪುನೀರಿನಲ್ಲಿ ಐದು ನಿಮಿಷ ಕುದಿಸಿ, ತುಟಿಗಿಟ್ಟು ಹಿಸುಕಿದರೆ ಕಾಳು ಚಿಮ್ಮಿ ಬಾಯಿಗೆ ಬೀಳುತ್ತದೆ. ಸಿಪ್ಪೆ ಬಿಸಾಡಬೇಕು. ಶೆಡ್ಡಿನವರು ಅದನ್ನು ಬೇಯಿಸಿ, ಹೆಪ್ಪುಗಟ್ಟಿಸಿ, ಚೀಲದಲ್ಲಿ ತುಂಬಿ ಎಲ್ಲೆಲ್ಲಿಗೋ ಕಳಿಸುತ್ತಾರೆ.

ಚಳಿ ದೇಶಗಳಲ್ಲಿ ಹದಕ್ಕೆ ಬಂದ ಕಾಯಿ ವಾರ ಹತ್ತು ದಿನ ಗಿಡದಲ್ಲೇ ಕಾಯುತ್ತದಂತೆ. ಇಲ್ಲಿನ ಬಿಸಿಲಿಗೆ ಅಂಥ ಸೌಜನ್ಯ ಇಲ್ಲ. ಇಲ್ಲಿ ವರ್ಷವಿಡೀ ಹಗಲು ಹೆಚ್ಚು ಕಡಿಮೆ ಒಂದೇ ಅಳತೆ. ಉದ್ದ ಹಗಲಿಗೆ ಒಗ್ಗಿದ ಗಿಡ, ಬೇಸಿಗೆ ಮುಗಿದೇ ಹೋಯಿತೆಂದು ಗಾಬರಿಬಿದ್ದು ಮೊಣಕಾಲೆತ್ತರಕ್ಕೆ ಬರುವ ಮೊದಲೇ ಹೂ ಬಿಡುತ್ತದೆ. ಬಿತ್ತಿದ ಅರವತ್ತೈದು ಎಪ್ಪತ್ತನೆಯ ದಿನಕ್ಕೆ ಕಾಯಿ ತುಂಬುತ್ತದೆ. ಹದ ನಿಲ್ಲುವುದು ಎರಡು, ಹೆಚ್ಚೆಂದರೆ ಮೂರು ದಿನ. ಅದಕ್ಕೆ ಮುಂಚೆ ಕೊಯ್ದರೆ ನೀರು, ಆಮೇಲೆ ಕೊಯ್ದರೆ ಹಿಟ್ಟು. ಕೊಯ್ದ ಮೇಲೂ ಸಿಹಿ ಗಂಟೆ ಗಂಟೆಗೆ ಸೋರುತ್ತದೆ. ಅದಕ್ಕೇ ಬೆಳಕು ಹರಿಯುವಾಗ ಕೊಯ್ದು, ಬಿಸಿಲೇರುವ ಮೊದಲು ಶೆಡ್ಡಿನ ತಣ್ಣೀರು ಮುಟ್ಟಿಸಬೇಕು. ಆ ಒಂದು ದಿನ ಯಾವುದು ಎಂದು ಹೇಳುವುದಕ್ಕೆ ಒಂದು ಬಾಯಿ ಬೇಕು. ಇಪ್ಪತ್ತಾರು ಹೊಲಗಳಿಗೂ ಸೇರಿ ಇದ್ದದ್ದು ರುಚಿಯಕ್ಕನ ಬಾಯಿ.

ಅವಳು ಹೋಗಿ ಅರ್ಜಿ ಹಾಕಿ ಗಿಟ್ಟಿಸಿದ ಕೆಲಸ ಅಲ್ಲ ಇದು. ಹನ್ನೊಂದು ವರ್ಷದ ಹಿಂದೆ ಕಳೆ ಕೀಳುವ ಹೆಂಗಸರ ಸಾಲಿನಲ್ಲಿ ಬಗ್ಗಿದ್ದವಳು. ಶೆಡ್ಡಿನ ಮ್ಯಾನೇಜರು ಕೈಯಲ್ಲಿ ಕ್ಯಾಲೆಂಡರು ಹಿಡಿದು, ದಿನ ಎಣಿಸಿ, "ಇವತ್ತು ಕೊಯ್ಯಿ" ಅಂದಾಗ ಅವಳು ಬಗ್ಗಿದಲ್ಲಿಂದಲೇ, "ಸಾರ್, ಇವತ್ತು ಕೊಯ್ದ್ರೆ ನಿಮ್ಮ ಲಾರಿ ನೀರು ಹೊತ್ಕೊಂಡು ಹೋಗುತ್ತೆ" ಅಂದಳು. ಮ್ಯಾನೇಜರು ಕೇಳಲಿಲ್ಲ. ಲಾರಿ ನೀರನ್ನೇ ಹೊತ್ತುಕೊಂಡು ಹೋಯಿತು. ಇನ್ನೊಂದು ಹೊಲದಲ್ಲಿ ಮತ್ತೆ ಹಾಗೇ ಆಯಿತು. ಮೂರನೆಯ ಸಲ ಅವರು ಕ್ಯಾಲೆಂಡರನ್ನು ಜೀಪಿನಲ್ಲಿ ಬಿಟ್ಟು, ಕಳೆಯ ಸಾಲಿಗೆ ಬಂದು, "ಅಕ್ಕ, ಸ್ವಲ್ಪ ಬರ್ತೀರಾ?" ಎಂದು ಕರೆದರು.

ಆಮೇಲೆ ಒಂದು ಸಣ್ಣ ಸ್ಟವ್, ಒಂದು ಪಾತ್ರೆ, ಉಪ್ಪಿನ ಡಬ್ಬಿ, ತಣ್ಣೀರಿನ ಕ್ಯಾನು ಕೊಟ್ಟರು. ಅವಳು ಹೊಲದ ಐದು ಕಡೆಯಿಂದ ಐದೈದು ಕಾಯಿ ಕೀಳುವಳು, ಬದುವಿನ ಮೇಲೆ ಕೂತು ಬೇಯಿಸುವಳು, ಕಣ್ಣು ಮುಚ್ಚಿ ಅಗಿಯುವಳು. ಬೆಳೆಗಾರ ಎದುರಿಗೆ ಪರೀಕ್ಷೆಯ ಫಲಿತಾಂಶಕ್ಕೆ ನಿಂತವನಂತೆ ನಿಂತಿರುವನು. "ನಾಳೆ" ಅಂದರೆ ನಾಳೆ. "ಇನ್ನೂ ಎರಡು ದಿನ" ಅಂದರೆ ಎರಡು ದಿನ. ಹನ್ನೊಂದು ವರ್ಷದಲ್ಲಿ ಅವಳ ಮಾತು ತಪ್ಪಿದ್ದು ಬೆರಳೆಣಿಕೆಯಷ್ಟು.

ಮನೆ ಬಸ್ ಡಿಪೋದ ಹಿಂದಿನ ಗಲ್ಲಿಯಲ್ಲಿ. ಮೂರು ಕೋಣೆ, ಮುಂದೆ ಎರಡು ಮೆಟ್ಟಿಲು. ಗಂಡ ಪಂಪ್‌ಸೆಟ್ ರಿಪೇರಿ ಮಾಡುವವನು. ಬಾಯಲ್ಲಿ ಯಾವಾಗಲೂ ಒಂದು ಸ್ಕ್ರೂ ಇರುವುದರಿಂದ ಮಾತು ಕಡಿಮೆ. ಆ ಮನೆಯ ಮಾತಿನ ಕೊರತೆಯನ್ನೆಲ್ಲ ತುಂಬುತ್ತಿದ್ದವರು ಅತ್ತೆ. ಮೂವತ್ತೊಂದು ವರ್ಷ ಆಸ್ಪತ್ರೆಯ ಅಡುಗೆಮನೆಯಲ್ಲಿ ಸೌಟು ಹಿಡಿದವರು. ರೋಗಿಗಳು ಬಾಯಿ ತೆರೆದು ದೂರುವ ಸ್ಥಿತಿಯಲ್ಲಿ ಇರದಿದ್ದದ್ದರಿಂದ, ಅವರೆಲ್ಲರ ಪರವಾಗಿ ತಾವೇ ದೂರುವ ಅಭ್ಯಾಸ ಮಾಡಿಕೊಂಡಿದ್ದರು. ಬಿಸಿಲಿದ್ದರೆ ಉರಿ, ಮೋಡವಾದರೆ ಬಟ್ಟೆ ಒಣಗಲ್ಲ. ಎದುರು ಮನೆಗೆ ಹೊಸ ಬಣ್ಣ ಹೊಡೆದರೆ "ಮಾತ್ರೆಯ ಬಣ್ಣ". ಸೊಸೆ ಗುಡಿಸಿದರೆ ಧೂಳು, ಗುಡಿಸದಿದ್ದರೆ ಕಸ. ಕೆಟ್ಟ ಹೆಂಗಸು ಅಲ್ಲ. ಯಾರ ಬೆನ್ನ ಹಿಂದೆಯೂ ಒಂದು ಮಾತು ಆಡಿದವರಲ್ಲ. ಎಲ್ಲವನ್ನೂ ಮುಖದ ಮೇಲೆಯೇ ಆಡುತ್ತಿದ್ದರು, ಅಷ್ಟೆ.

ಹೋದ ಮಳೆಗಾಲದ ಕೊನೆಯಲ್ಲಿ ರುಚಿಯಕ್ಕನಿಗೆ ಜ್ವರ ಬಂತು. ಆರು ದಿನ ಹೊದ್ದು ಮಲಗಿದಳು. ಏಳನೆಯ ದಿನ ಎದ್ದು ಹೊಲಕ್ಕೆ ಹೋಗಿ, ಕಾಯಿ ಬೇಯಿಸಿ, ಕಾಳು ಕಚ್ಚಿದರೆ ರಬ್ಬರು ಕಚ್ಚಿದ ಹಾಗಾಯಿತು. ಉಪ್ಪು ಮರೆತೆನೇನೋ ಎಂದು ಒಂದು ಹಿಡಿ ಹಾಕಿದಳು. ಊಹೂಂ. ಇನ್ನೊಂದು ಹಿಡಿ ಹಾಕಿದಳು. ಬೆಳೆಗಾರ ತಾನೂ ಒಂದು ಕಾಯಿ ಬಾಯಿಗಿಟ್ಟವನು ಕಣ್ಣಲ್ಲಿ ನೀರು ತಂದುಕೊಂಡು, "ಅಕ್ಕಾ, ಸಮುದ್ರಾನೇ ಹೊತ್ಕೊಂಡು ಬಂದ್ರಾ?" ಅಂದ. ಅವಳಿಗೆ ಸಮುದ್ರವೂ ತಿಳಿಯಲಿಲ್ಲ, ಕೆರೆಯೂ ತಿಳಿಯಲಿಲ್ಲ. ಅಲ್ಲಿಂದ ನೇರ ಆಸ್ಪತ್ರೆಗೆ ನಡೆದಳು.

ಡಾಕ್ಟರು ಟಾರ್ಚು ಹಾಕಿ ಬಾಯಿ ನೋಡಿದರು, ಮೂಗು ನೋಡಿದರು. "ಕೆಲವರಿಗೆ ತಿಂಗಳಲ್ಲಿ ಬರುತ್ತೆ, ಕೆಲವರಿಗೆ ವರ್ಷ ಆಗುತ್ತೆ. ಕೆಲವರಿಗೆ ಬರೋದೇ ಇಲ್ಲ. ಚಿಂತೆ ಮಾಡ್ಬೇಡಿ" ಅಂದರು. ಇಷ್ಟು ಹೇಳಿದ ಮೇಲೆ ಚಿಂತೆ ಮಾಡಬೇಡಿ ಎನ್ನುವುದಕ್ಕೆ ಡಾಕ್ಟರೇ ಆಗಿರಬೇಕು.

ಹೇಳಿಬಿಡಬಹುದಿತ್ತು. ಹೇಳಿದರೆ ಮತ್ತೆ ಕಳೆಯ ಸಾಲು. ಕಳೆ ಕೀಳುವುದೇನು ಅವಳಿಗೆ ಹೊಸದಲ್ಲ, ಸೊಂಟ ಇನ್ನೂ ಗಟ್ಟಿಯಾಗಿಯೇ ಇತ್ತು. ಆದರೆ ಹನ್ನೊಂದು ವರ್ಷ ಇಪ್ಪತ್ತಾರು ಮಂದಿ ಅವಳ ಬಾಯಿಯಿಂದ ಬೀಳುವ ಒಂದು ಮಾತಿಗೆ ಕಾದು ನಿಂತಿದ್ದರು. ಆ ನಿಲ್ಲುವಿಕೆಯ ರುಚಿ ಅವಳಿಗೆ ಹತ್ತಿಬಿಟ್ಟಿತ್ತು. ನಾಲಿಗೆ ಇಲ್ಲದ ರುಚಿಯಕ್ಕ ಯಾರು? ಅದಕ್ಕೆ ಉತ್ತರ ಹೊಳೆಯದೆ, ಬಾಯಿ ಮುಚ್ಚಿಕೊಂಡಳು. ಮನೆಯಲ್ಲೂ ಹೇಳಲಿಲ್ಲ.

ಒಂದು ವಾರ ಹೆಬ್ಬೆರಳಿನಿಂದ ದೂಡಿದಳು. ಕಾಯನ್ನು ಒತ್ತಿ ನೋಡಿ, ಕಾಳು ಎಷ್ಟು ತುಂಬಿದೆ ಎಂದು ಅಂದಾಜು ಮಾಡಿ, ಕಣ್ಣು ಮುಚ್ಚಿ ಅಗಿಯುವ ನಾಟಕ ಆಡಿ, ದಿನ ಹೇಳಿದಳು. ಎರಡು ಹೊಲ ಸರಿಯಾಯಿತು. ಮೂರನೆಯದು ಒಂದು ದಿನ ತಡವಾಗಿ, ಹಿಟ್ಟಾಯಿತು. ಮ್ಯಾನೇಜರ ಹುಬ್ಬು ಮೇಲೆ ಹೋಯಿತು. ಅವಳಿಗೆ ಎರಡು ದಿನ ಊಟ ಸೇರಲಿಲ್ಲ. ಸೇರಿದ್ದರೂ ರುಚಿ ಗೊತ್ತಾಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಆ ಹೊಲ ಕೊಯ್ದ ಸಂಜೆ ಅವಳ ಚೀಲದಲ್ಲಿ ಎರಡು ಹೊಲದ ಬೆಂದ ಕಾಯಿ ಉಳಿದಿತ್ತು. ಬಿಸಾಡಲು ಮನಸ್ಸಾಗದೆ ಎರಡು ಬಟ್ಟಲಿಗೆ ಹಾಕಿ, ಮೆಟ್ಟಿಲ ಮೇಲೆ ಕೂತಿದ್ದ ಅತ್ತೆಯ ಪಕ್ಕದಲ್ಲಿಟ್ಟಳು. ಅತ್ತೆ ಒಂದು ಕಾಳು ಬಾಯಿಗೆ ಹಾಕಿಕೊಂಡವರೇ ಶುರು ಮಾಡಿದರು.

"ಇದೇನೇ ಇದು, ಹುಲ್ಲು ಕಚ್ಚಿದ ಹಾಗಿದೆ! ದನಕ್ಕೆ ಹಾಕೋದನ್ನ ಮನೆಗೆ ತಂದಿದ್ದೀಯಲ್ಲ."

ಆ ಹೊಲಕ್ಕೆ ಇನ್ನೂ ನಾಲ್ಕು ದಿನ ಬೇಕೆಂದು ಅವಳ ಹೆಬ್ಬೆರಳು ಹೇಳಿತ್ತು. ಅತ್ತೆ ಎರಡನೆಯ ಬಟ್ಟಲಿಗೆ ಕೈ ಹಾಕಿದರು.

"ಇದು ಹಿಟ್ಟು. ಹಲ್ಲಿಗೆಲ್ಲ ಮೆತ್ಕೊಳ್ತು. ಗೋಡೆಗೆ ಅಂಟಿಸೋ ಗೋಂದು ಇದಕ್ಕಿಂತ ಮೇಲು."

ಅದು ತಡವಾದ ಹೊಲದ್ದು. ರುಚಿಯಕ್ಕ ಬಾಗಿಲಲ್ಲಿ ಹಾಗೇ ನಿಂತಳು. ಮದುವೆಯಾದ ಲಾಗಾಯ್ತಿನಿಂದ ಆ ಬಾಯಿಯ ಮಾತು ಕೇಳುತ್ತಿದ್ದಳು. ಸಂತೋಷವಾದದ್ದು ಅವತ್ತೇ ಮೊದಲು. ಮರುದಿನ ಬೇಕೆಂದೇ ಹದವಾಗಿದೆ ಅನ್ನಿಸಿದ ಹೊಲದ ಕಾಯಿ ತಂದಳು. ಅತ್ತೆ ಒಂದೂ ಮಾತಾಡದೆ ತಿಂದು ಮುಗಿಸಿ, ಖಾಲಿ ಬಟ್ಟಲನ್ನು ಬಗ್ಗಿಸಿ ನೋಡಿ, "ಇಷ್ಟೇನಾ ತಂದಿದ್ದು? ಜಿಪುಣಿ" ಅಂದರು. ರುಚಿಯಕ್ಕ ಒಳಗೆ ಓಡಿ ಫೋನು ಹಿಡಿದು, "ನಾಳೆ ಕೊಯ್ಯಿ" ಅಂದಳು. ಆ ಕಾಯಿ ಶೆಡ್ಡಿನಲ್ಲಿ ಮೊದಲ ದರ್ಜೆಗೆ ಹೋಯಿತು.

ಅಲ್ಲಿಂದ ಒಂದು ಪದ್ಧತಿಯೇ ಆಯಿತು. ಸಂಜೆಗೆ ನಾಲ್ಕು ಹೊಲದ ಕಾಯಿ, ನಾಲ್ಕು ಬಟ್ಟಲು: ಸ್ಟೀಲಿನದು, ನೀಲಿಯದು, ಅಂಚು ಒಡೆದ ಪಿಂಗಾಣಿಯದು, ಹಿಡಿಯಿರುವುದು. ಶೆಡ್ಡಿನಲ್ಲಿ ಮಿಕ್ಕದ್ದು ಎಂದು ಅತ್ತೆಗೆ ಸುಳ್ಳು. ಅವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ನೆಪದಲ್ಲಿ ಕಿವಿ ನೆಟ್ಟಿರುವಳು. "ಹುಲ್ಲು" ಅಂದರೆ ನಾಲ್ಕು ದಿನ. "ನೀರು ನೀರು" ಅಂದರೆ ಮೂರು. "ಸಪ್ಪೆ" ಅಂದರೆ ಎರಡು. ಮಾತೇ ಇಲ್ಲದಿದ್ದರೆ ನಾಳೆ. ಮೊದಲೆಲ್ಲ ಹೊಲದಲ್ಲೇ ಹೇಳುತ್ತಿದ್ದ ಅಕ್ಕ ಈಗ ಯಾಕೆ ಸಂಜೆ ಫೋನು ಮಾಡುತ್ತಾಳೆ ಎಂದು ಬೆಳೆಗಾರರು ಕೇಳಿದಾಗ, "ಬೆಳಗಿನ ರುಚಿ ಬೇರೆ, ಸಂಜೆ ರುಚಿ ಬೇರೆ. ನಿಮಗೆ ಗೊತ್ತಾಗಲ್ಲ" ಅಂದಳು. ಅವರು ಅದನ್ನೂ ನಂಬಿದರು. ನಂಬಿದಷ್ಟೂ ಅವಳಿಗೆ ಒಳಗೊಳಗೇ ಚುಚ್ಚುತ್ತಿತ್ತು. ಆದರೂ ನಾಲ್ಕು ತಿಂಗಳು ಒಂದೇ ಒಂದು ಹೊಲವೂ ತಪ್ಪಲಿಲ್ಲ. ಅವಳ ಸ್ವಂತ ನಾಲಿಗೆಗಿಂತ ಅತ್ತೆಯದು ಒಂದು ಕೈ ಮೇಲೆಯೇ ಇತ್ತು.

ಆ ದಿನಗಳಲ್ಲೇ ಬೆಳೆಗಾರರ ಗುಂಪಿನಲ್ಲಿ ಒಬ್ಬರು ಬಿಟ್ಟ ಜಾಗಕ್ಕೆ ಹೊಸಬರೊಬ್ಬರು ಸೇರಿದರು. ಮೂವತ್ತನಾಲ್ಕು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತರಾದ ಕಂಡಕ್ಟರು. ಕೊರಳಲ್ಲಿ ಇನ್ನೂ ಸೀಟಿ. ಗಿಡಗಳ ಸಾಲಿನ ನಡುವೆ ನಡೆಯುವಾಗಲೂ "ಒಳಗೆ ಹೋಗಿ, ಒಳಗೆ ಜಾಗ ಇದೆ" ಎಂದು ಹುಳುಗಳಿಗೆ ಹೇಳುವ ಮನುಷ್ಯ. ಮೊದಲ ಸಲ ಬಿತ್ತುವಾಗ, ಕಾಳಲ್ಲವೇ ಎಂದು ಬೀಜವನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿಟ್ಟರು. ಸೋಯಾ ಬೀಜಕ್ಕೆ ಅದು ಆಗದು. ಉಬ್ಬಿ, ಒಡೆದು, ಮಣ್ಣಲ್ಲಿ ಕೊಳೆತು, ಹೊಲದಲ್ಲಿ ಒಂದೂ ಮೊಳಕೆ ಬರಲಿಲ್ಲ. ಎರಡನೆಯ ಸಲ ರುಚಿಯಕ್ಕನೇ ಪಕ್ಕದಲ್ಲಿ ನಿಂತು ಒಣಬೀಜ ಹಾಕಿಸಿದಳು. ಗಿಡ ಚೆನ್ನಾಗಿ ಎದ್ದಿತು. ಕಂಡಕ್ಟರು ದಿನಕ್ಕೆ ಮೂರು ಸಲ ಹೋಗಿ ನೋಡುತ್ತಿದ್ದರು.

"ಈ ಸಲ ಆದ್ರೆ ಆಯ್ತು ಅಕ್ಕ. ಆಗ್ಲಿಲ್ಲ ಅಂದ್ರೆ ಇದೇ ಕೊನೇ ಸ್ಟಾಪು, ಇಳಿದು ಮನೆಗೆ ಹೋಗ್ತೀನಿ" ಅಂದಿದ್ದರು.

ಅವರ ಹೊಲದ ಅರವತ್ತೈದನೆಯ ದಿನ ಸಂಜೆ. ನಾಲ್ಕು ಬಟ್ಟಲು ಹೊರಗೆ ಹೋದವು. ಹಿಡಿಯಿದ್ದದ್ದು ಕಂಡಕ್ಟರದು. ರುಚಿಯಕ್ಕ ಒಲೆಯ ಮುಂದೆ ನಿಂತು ಕಿವಿಗೊಟ್ಟಳು.

"ಚೆನ್ನಾಗಿದೆ" ಅಂದರು ಅತ್ತೆ.

ಅವಳ ಕೈಯಿಂದ ಸೌಟು ಜಾರಿತು. ಸ್ವಲ್ಪ ಹೊತ್ತಿಗೆ ಎರಡನೆಯ ಬಟ್ಟಲಿಗೂ "ಚೆನ್ನಾಗಿದೆ." ಮೂರಕ್ಕೂ, ನಾಲ್ಕಕ್ಕೂ. ಮಧ್ಯಾಹ್ನ ಕಂಡಕ್ಟರ ಹೊಲದ ಕಾಯಿ ಒತ್ತಿದಾಗ ಅವಳ ಹೆಬ್ಬೆರಳು ಇನ್ನೂ ಮೂರು ದಿನ ಅಂದಿತ್ತು. ಆದರೆ ಮೌನವೇ ನಾಳೆ ಆದ ಮೇಲೆ, ಬಾಯಿಬಿಟ್ಟು ಹೊಗಳಿದರೆ ಇನ್ನೇನು? ಹೆಬ್ಬೆರಳಿನ ಮಾತು ಯಾರು ಕೇಳುತ್ತಾರೆ? ಅತ್ತೆಯ ಮುಖ ಹೇಗಿದೆ ಎಂದು ಹೊರಗೆ ಬಂದು ನೋಡಲೂ ಇಲ್ಲ. ಒಲೆಯ ಮುಂದಿಂದಲೇ ನಾಲ್ವರಿಗೂ ಫೋನು ಮಾಡಿದಳು.

"ನಾಳೆ ರೈಟಾ ಅಕ್ಕ?" ಎಂದರು ಕಂಡಕ್ಟರು. ದನಿಯಲ್ಲಿ ಸೀಟಿಯ ಹುರುಪು.

"ರೈಟ್."

ಮಿಕ್ಕ ಮೂರು ಹೊಲ ಹೇಗೋ ಪಾರಾದವು. ಕಂಡಕ್ಟರ ಹೊಲದಲ್ಲಿ ಆಳು ಸಾಲದೆ ಅರ್ಧವಷ್ಟೇ ಕೊಯ್ದಿದ್ದರು. ಆ ಕ್ರೇಟುಗಳು ಶೆಡ್ಡಿನ ಬೆಲ್ಟಿನ ಮೇಲೆ ಬಿದ್ದಾಗ, ಆರಿಸುವ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಯಿಗಳು ಇಸ್ತ್ರಿ ಮಾಡಿದ ಹಾಗೆ ಚಪ್ಪಟೆ. ಮ್ಯಾನೇಜರು ಒಂದು ಕಾಯಿ ಬಿಡಿಸಿ, ಉಗುರಿನಷ್ಟು ತೆಳ್ಳಗಿದ್ದ ಕಾಳನ್ನು ಅಂಗೈಯಲ್ಲಿಟ್ಟುಕೊಂಡು ರುಚಿಯಕ್ಕನ ಕಡೆ ನೋಡಿದರು. ಕ್ರೇಟುಗಳನ್ನು ಬೆಲ್ಟಿನಿಂದ ಇಳಿಸಿ ಗೋಡೆಗೆ ಒತ್ತಿಟ್ಟರು.

ಕಂಡಕ್ಟರು ಜಗಳಕ್ಕೆ ಬಂದಿದ್ದರೆ ಎಷ್ಟೋ ವಾಸಿ. ಅವರು ಟೋಪಿ ತೆಗೆದು, ಬೆವರು ಒರೆಸಿಕೊಂಡು, ಅವಳಿಗೇ ಸಮಾಧಾನ ಹೇಳಿದರು.

"ನೀವು ಬೇಜಾರು ಮಾಡ್ಕೋಬೇಡಿ ಅಕ್ಕ. ನೀವು ಹೇಳಿದ್ದು ಸರಿಯಾಗೇ ಇರುತ್ತೆ. ನನ್ನ ಕೈಗುಣವೇ ಸರಿ ಇಲ್ಲ. ಮೊದಲ ಸಲ ನೆನೆಸಿ ಕೊಂದೆ, ಈ ಸಲ ಇನ್ನೇನು ಮಾಡಿದ್ನೋ. ಮಿಕ್ಕ ಅರ್ಧಾನೂ ಸಂಜೆ ಕಿತ್ತು ದನಕ್ಕೆ ಹಾಕ್ತೀನಿ. ಬಸ್ಸಿನವನು ಬಸ್ಸಿನವನೇ."

ತನ್ನ ಹೆಸರು ಉಳಿಸಿಕೊಳ್ಳಲು ಈ ಮನುಷ್ಯನನ್ನು ಹೊಲದಿಂದ ಇಳಿಸುತ್ತಿದ್ದೇನೆ ಎಂದು ರುಚಿಯಕ್ಕನಿಗೆ ಹೊಳೆಯಿತು. "ಕೀಳ್ಬೇಡಿ. ನಾನು ಬರೋ ತನಕ ಒಂದು ಗಿಡ ಕೂಡ ಕೀಳ್ಬೇಡಿ" ಎಂದಷ್ಟೇ ಹೇಳಿ ಮನೆಗೆ ಓಡಿದಳು.

ಅತ್ತೆ ಮೊರ ಮುಂದಿಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ಗಂಡ ಊಟಕ್ಕೆ ಬಂದು ಕೂತಿದ್ದ.

"ಅತ್ತೆ, ನಿನ್ನೆ ಹಿಡಿ ಇರೋ ಬಟ್ಟಲಿನ ಕಾಯಿ ಹೇಗಿತ್ತು? ನಿಜ ಹೇಳಿ."

ಅತ್ತೆ ತಲೆ ಎತ್ತಲಿಲ್ಲ. "ನೀರು ನೀರಾಗಿತ್ತು."

"ಮತ್ತೆ ಚೆನ್ನಾಗಿದೆ ಅಂದ್ರಲ್ಲ!"

"ಏನೇ ಮಾಡ್ಲಿ ಮತ್ತೆ? ಮೊನ್ನೆ ನಾನು ಇಲ್ಲಿ ಹುಲ್ಲು ಅಂತೀನಿ, ನೀನು ಒಳಗಿಂದ ಫೋನಲ್ಲಿ ನಾಲ್ಕು ದಿನ ಬಿಡಿ ಅಂತೀಯ. ಸಪ್ಪೆ ಅಂತೀನಿ, ಎರಡು ದಿನ ಅಂತೀಯ. ನನಗೇನು ಕಿವಿ ಇಲ್ವಾ? ನಾನು ಬೈದಷ್ಟೂ ಅವರ ಕೊಯ್ಲು ಮುಂದಕ್ಕೆ ಹೋಗುತ್ತೆ. ನನ್ನ ಹಾಳು ಬಾಯಿಂದ ಯಾರ್ಯಾರದೋ ಬೆಳೆಗೆ ಕುತ್ತು ಬರ್ತಿದೆ, ನಿನಗೆ ಕೆಟ್ಟ ಹೆಸರು ಬರುತ್ತೆ ಅಂತ ಹೆದರಿಕೆ ಆಯ್ತು. ಒಂದು ಒಳ್ಳೆ ಮಾತು ಆಡಿದ್ರೆ ನಿನಗೆ ಒಳ್ಳೇದಾಗುತ್ತೆ ಅಂದ್ಕೊಂಡೆ."

ಆ ಬಾಯಿಗೆ ಒಂದು ಒಳ್ಳೆಯ ಮಾತು ಎಷ್ಟು ಕಷ್ಟವೆಂದು ರುಚಿಯಕ್ಕನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅದನ್ನು ನಾಲ್ಕು ಸಲ ಆಡಿದ್ದರು. ಅವಳು ಗೋಡೆಗೊರಗಿ ಕೂತಳು.

"ಅತ್ತೆ, ನನಗೆ ರುಚಿ ಗೊತ್ತಾಗಲ್ಲ. ಜ್ವರ ಬಂದಾಗಿಂದ."

"ಅದೇನು ಹೊಸ ಸುದ್ದಿಯೇ? ಜ್ವರ ಬಿಟ್ಟ ಮಾರನೇ ದಿನಾನೇ ಗೊತ್ತಾಯ್ತು. ನಾಲ್ಕು ತಿಂಗಳಿಂದ ನಿನ್ನ ಸಾರಲ್ಲಿ ಒಂದು ದಿನ ಉಪ್ಪಿಲ್ಲ, ಒಂದು ದಿನ ಬರೀ ಉಪ್ಪು."

ನಾಲ್ಕು ತಿಂಗಳು! ದಿನಕ್ಕೆ ಎರಡು ಊಟ! ಸೋಯಾ ಕಾಯಿಗೆ ಅಷ್ಟು ಬೈದವರು ಅವಳ ಸಾರಿಗೆ ಒಂದು ಮಾತೂ ಆಡಿರಲಿಲ್ಲ. ಗಂಡನ ಕಡೆ ತಿರುಗಿದಳು. ಅವನು ಸಿಕ್ಕಿಬಿದ್ದ ಕಳ್ಳನ ಹಾಗೆ ಅಂಗಿಯ ಜೇಬಿನಿಂದ ಒಂದು ಉಪ್ಪಿನ ಪೊಟ್ಟಣ ತೆಗೆದು ತಟ್ಟೆಯ ಪಕ್ಕದಲ್ಲಿಟ್ಟ.

"ಜಾಸ್ತಿ ಆದ ದಿನ ಏನು ಮಾಡ್ತಿದ್ರಿ?"

"ನೀರು ಕುಡೀತಿದ್ದೆ" ಅಂದ.

"ಒಂದು ಮಾತು ಹೇಳ್ಬಾರ್ದಿತ್ತಾ ಅತ್ತೆ?"

"ಹೇಳಿದ್ರೆ ಒಲೆ ಮುಂದೆ ನಿಂತು ಅಳ್ತಿದ್ದೆ. ಆಸ್ಪತ್ರೇಲಿ ಎಷ್ಟು ಜನನ್ನ ನೋಡಿಲ್ಲ ನಾನು? ಏಳು, ಮುಖ ತೊಳ್ಕೊ. ಆ ಬಸ್ಸಿನವನ ಹತ್ರ ಹೋಗಿ ನಿಜ ಹೇಳು. ನಾನೂ ಬರ್ತೀನಿ."

ಮಧ್ಯಾಹ್ನ ಮೂರು ಗಂಟೆಗೆ ಅತ್ತೆ ಇಸ್ತ್ರಿ ಸೀರೆ ಉಟ್ಟು ಶೆಡ್ಡಿಗೆ ಬಂದರು. ತೂಕದ ಕಟ್ಟೆಯ ಹತ್ತಿರ ಕಂಡಕ್ಟರು, ಇನ್ನೂ ಏಳೆಂಟು ಬೆಳೆಗಾರರು, ಮ್ಯಾನೇಜರು. ರುಚಿಯಕ್ಕ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. "ನಿಮ್ಮ ಹೊಲದಲ್ಲಿ ಏನೂ ತಪ್ಪಿಲ್ಲ. ನಿಮ್ಮ ಕೈಲೂ ತಪ್ಪಿಲ್ಲ. ತಪ್ಪು ನನ್ನದು. ಹಾಳಾದ ಅರ್ಧ ಹೊಲಾನ ನಾನೇ ಬಂದು ಬಿತ್ತಿ ಕಳೆ ಕಿತ್ತು ಕೊಡ್ತೀನಿ" ಎಂದು ಕಂಡಕ್ಟರ ಮುಂದೆ ಕೈಮುಗಿದಳು.

ಮ್ಯಾನೇಜರು ಒಂದು ಖಾಲಿ ಕ್ರೇಟಿನ ಮೇಲೆ ಕೂತರು. "ಹಾಗಾದ್ರೆ ನಾಲ್ಕು ತಿಂಗಳು ದಿನ ಹೇಳಿದ್ದು ಯಾರು? ನಮ್ಮ ಕಾಯಿ ಇಷ್ಟು ಚೆನ್ನಾಗಿ ಯಾವತ್ತೂ ಬಂದಿಲ್ಲ."

"ನಾನು. ಏನೀಗ?" ಅಂದರು ಅತ್ತೆ.

ಮ್ಯಾನೇಜರು ಎದ್ದು ಒಳಗೆ ಹೋದರು. ದರ್ಜೆ ಮಾಡಿ ಮಾದರಿಗೆಂದು ತಣ್ಣಗಿಟ್ಟಿದ್ದ ಬೇರೆ ಬೇರೆ ಹದದ ಕಾಯಿಗಳನ್ನು ಬೇಯಿಸಿ ಐದು ತಟ್ಟೆಯಲ್ಲಿ ತಂದಿಟ್ಟರು. ಯಾವುದು ಯಾವ ಹದದ್ದೆಂದು ಅವರಿಗೆ ಮಾತ್ರ ಗೊತ್ತು. "ತಿಂದು ಹೇಳಿ ಅಮ್ಮ."

ಅಲ್ಲೇ ಎಡವಟ್ಟಾದದ್ದು. ಹತ್ತು ಜನ ಗಂಡಸರು ಸುತ್ತ ನಿಂತಿದ್ದಾರೆ, ಪರರ ಮನೆಯ ತಟ್ಟೆ, ದೊಡ್ಡ ಮನುಷ್ಯರೊಬ್ಬರು ಕೈಯಾರೆ ಬಡಿಸಿದ್ದಾರೆ. ಅತ್ತೆ ಸೆರಗು ಸರಿಮಾಡಿಕೊಂಡು ಮೊದಲ ತಟ್ಟೆಯದನ್ನು ತಿಂದು "ಚೆನ್ನಾಗಿದೆ" ಅಂದರು. ಎರಡನೆಯದಕ್ಕೆ "ಇದೂ ಚೆನ್ನಾಗಿದೆ." ಮೂರಕ್ಕೆ "ಬಹಳ ಚೆನ್ನಾಗಿದೆ, ಸುಮ್ನೆ ತೊಂದರೆ ತಗೊಂಡ್ರಿ." ಐದೂ ಮುಗಿಯುವ ಹೊತ್ತಿಗೆ ಮ್ಯಾನೇಜರು ತಲೆ ಮೇಲೆ ಕೈ ಹೊತ್ತಿದ್ದರು. ತಿನ್ನುವುದರ ಬಗ್ಗೆ ಬೈಗುಳವೆಲ್ಲ ಮನೆಯವರಿಗೆ ಮೀಸಲು ಎನ್ನುವುದು ಅವರಿಗೇನು ಗೊತ್ತು?

ಆದರೆ ರುಚಿಯಕ್ಕ ಈ ಸಲ ಎದುರಿಗೇ ನಿಂತು ನೋಡುತ್ತಿದ್ದಳು.

"ಮೊದಲ್ನೇದು ಹುಲ್ಲು" ಅಂದಳು. "ಮೂಗಿನ ಹೊಳ್ಳೆ ಅರಳ್ತು. ಇನ್ನೂ ನಾಲ್ಕು ದಿನ ಬೇಕು. ಎರಡನೇದು ಹಿಟ್ಟು, ನಾಲಿಗೆ ಹಿಂದಿನ ಹಲ್ಲಿಗೆ ಹೋಯ್ತು. ಮೂರನೇದನ್ನ ಅಗಿಯದೇ ನುಂಗಿದ್ರು, ಅದು ನೀರು. ನಾಲ್ಕನೇದು ಸಪ್ಪೆ. ಐದನೇದು ತಿನ್ನುವಾಗ ಅವರ ಕಣ್ಣು ಎಲ್ಲೂ ನೋಡ್ತಿರಲಿಲ್ಲ. ಅದು ಹದ."

ಮ್ಯಾನೇಜರು ತಲೆಯಿಂದ ಕೈ ತೆಗೆದರು. ತಟ್ಟೆಗಳನ್ನು ನೋಡಿದರು, ಅವಳನ್ನು ನೋಡಿದರು. "ಐದೂ ಸರಿ" ಅಂದರು.

"ಏನೇ, ಇಷ್ಟು ವರ್ಷ ನನ್ನ ಮುಖ ನೋಡ್ತಾ ಕೂತಿದ್ಯಾ?" ಎಂದರು ಅತ್ತೆ, ನಾಚಿಕೊಂಡು.

"ಇನ್ನೇನು ಮಾಡ್ಲಿ ಅತ್ತೆ, ಅದರಲ್ಲೇ ತಾನೇ ನನ್ನ ಹವಾಮಾನ ಗೊತ್ತಾಗ್ತಿದ್ದದ್ದು."

ಎಲ್ಲರೂ ನಕ್ಕರು. ಕಂಡಕ್ಟರು ನಗಲಿಲ್ಲ. ಅವರು ಸೀಟಿಯನ್ನು ಬೆರಳಲ್ಲಿ ತಿರುಗಿಸುತ್ತ ಯೋಚಿಸಿ, "ನನ್ನ ಮಿಕ್ಕ ಅರ್ಧ ಹೊಲ ನಿಂತಿದೆ. ಅದನ್ನ ಇಬ್ಬರೂ ಸೇರಿ ಹೇಳಿ. ಆಮೇಲೆ ನಾನು ಇಳಿಯೋದಾ, ಮುಂದೆ ಹೋಗೋದಾ ನೋಡ್ತೀನಿ" ಅಂದರು. ಮ್ಯಾನೇಜರೂ, "ಅದು ಸರಿಹೋದ್ರೆ ಇಬ್ಬರೂ ಕೆಲಸಕ್ಕೆ ಬನ್ನಿ, ಇಲ್ಲ ಅಂದ್ರೆ ಬೇರೆ ದಾರಿ ನೋಡ್ಬೇಕಾಗುತ್ತೆ ಅಕ್ಕ" ಅಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಸಡಿಲವೂ ಇರಲಿಲ್ಲ.

ಮರುದಿನ ಬೆಳಕು ಹರಿಯುವಾಗ ಅತ್ತೆ ಸೊಸೆ ಕಂಡಕ್ಟರ ಹೊಲದ ಬದುವಿನ ಮೇಲೆ ಸ್ಟವ್ ಹಚ್ಚಿದರು. ಅತ್ತೆಯ ಬಾಯಿ ಬಿಡಿಸಲು ರುಚಿಯಕ್ಕ ಎಲ್ಲರನ್ನೂ ಇಪ್ಪತ್ತು ಹೆಜ್ಜೆ ದೂರ ನಿಲ್ಲಿಸಿದಳು. "ಸಪ್ಪೆ. ರೋಗಿಗೂ ಇದನ್ನ ಬಡಿಸಲ್ಲ" ಎಂಬ ಮಾತು ಅಷ್ಟು ದೂರಕ್ಕೂ ಸ್ಪಷ್ಟವಾಗಿ ಕೇಳಿಸಿತು. ಎರಡನೆಯ ದಿನ, "ಪರವಾಗಿಲ್ಲ, ಆದ್ರೆ ಅವಸರ ಯಾಕೆ? ಯಾರ ರೈಲು ಹೋಗ್ತಿದೆ?" ಕಂಡಕ್ಟರು ಎರಡೂ ದಿನ ಕೊಯ್ಲಿನವರಿಗೆ ಟೀ ಕುಡಿಸಿ ವಾಪಸು ಕಳಿಸಿದರು. ರುಚಿಯಕ್ಕನಿಗೆ ಒಂದು ಕಡೆ ಭಯ, ಬಿಸಿಲು ಹೆಚ್ಚಾಗಿ ಹದ ಜಾರಿಬಿಟ್ಟರೆ? ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮೂರನೆಯ ಬೆಳಿಗ್ಗೆ ಸುದ್ದಿ ಹರಡಿ ಬೆಳೆಗಾರರೆಲ್ಲ ಬಂದಿದ್ದರು. ಎಷ್ಟು ಹೇಳಿದರೂ ಯಾರೂ ದೂರ ನಿಲ್ಲಲಿಲ್ಲ. ಸ್ಟವ್ ಸುತ್ತ ಕೋಟೆ ಕಟ್ಟಿದ ಹಾಗೆ ನಿಂತರು. ಮ್ಯಾನೇಜರ ಜೀಪೂ ಬಂತು. ಗಂಡ ಬಾಯಲ್ಲಿ ಸ್ಕ್ರೂ ಇಲ್ಲದೆ, ಏನು ಮಾಡಬೇಕೆಂದು ತೋಚದೆ ನಿಂತಿದ್ದ. ಕೊಯ್ಲಿನ ಹೆಂಗಸರು ಕುಡುಗೋಲು ಹಿಡಿದು ಸಾಲಿನ ತುದಿಯಲ್ಲಿ ಕಾದಿದ್ದರು. ಅತ್ತೆ ಮಗುಚಿದ ಕ್ರೇಟಿನ ಮೇಲೆ ಕೂತು ಒಂದು ಕಾಯಿ ತುಟಿಗಿಟ್ಟರು. ಇನ್ನೊಂದು. ಮತ್ತೊಂದು. ಸುತ್ತಲಿನ ಮುಖಗಳನ್ನೆಲ್ಲ ಒಮ್ಮೆ ನೋಡಿದರು.

"ಚೆನ್ನಾಗಿದೆ" ಅಂದರು.

ಕಂಡಕ್ಟರ ಸೀಟಿ ಬಾಯಿಯವರೆಗೆ ಹೋಗಿ ನಿಂತಿತು. ಅಷ್ಟೂ ಜನ ಒಟ್ಟಿಗೆ ರುಚಿಯಕ್ಕನ ಕಡೆ ತಿರುಗಿದರು. ಹನ್ನೊಂದು ವರ್ಷ ಅವರು ಹೇಗೆ ಕಾದು ನಿಲ್ಲುತ್ತಿದ್ದರೋ ಹಾಗೆಯೇ ನಿಂತರು.

ಅವಳು ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಆ ಮುಖವನ್ನು ನೋಡಿದಳು. ಮೂಗು ನೋಡಿದಳು, ದವಡೆ ನೋಡಿದಳು, ಕಣ್ಣು ನೋಡಿದಳು. ಅವಸರ ಮಾಡಲಿಲ್ಲ. ಅಲ್ಲಿ ದಾಕ್ಷಿಣ್ಯ ಇರಲಿಲ್ಲ, ಹೆದರಿಕೆ ಇರಲಿಲ್ಲ. ಸೊಸೆಯನ್ನು ಉಳಿಸಬೇಕೆಂಬ ಕರುಣೆಯೂ ಇರಲಿಲ್ಲ.

"ಈ ಸಲ ನಿಜವಾಗ್ಲೂ ಚೆನ್ನಾಗಿದೆ" ಅಂದಳು. "ಕೊಯ್ಯಿರಿ."

ಸೀಟಿ ಕೇಳಿ ಡಿಪೋದ ಬಸ್ಸುಗಳೂ ಹೊರಟಿರಬೇಕು, ಅಷ್ಟು ಜೋರಾಗಿ ಊದಿದರು ಕಂಡಕ್ಟರು. ಹೆಂಗಸರು ಸಾಲಿಗೆ ಇಳಿದರು. ರುಚಿಯಕ್ಕನಿಗೆ ಎಲ್ಲಿತ್ತೋ ಅಳು, ಕುಕ್ಕರಗಾಲಲ್ಲೇ ಕೂತು, ಅತ್ತೆಯ ಮಂಡಿ ಹಿಡಿದುಕೊಂಡು ಗಳಗಳ ಅತ್ತುಬಿಟ್ಟಳು. ಸಂತೋಷಕ್ಕೇ ಅಳು ಬಂದದ್ದು.

ಅತ್ತೆ ಅವಳ ತಲೆಯ ಮೇಲೆ ಕೈಯಿಟ್ಟು, "ಅಳೋದಾದ್ರೆ ಮನೆಗೆ ಹೋಗಿ ಅಳು" ಅಂದರು. "ಬಿಸಿಲೇರ್ತಾ ಇದೆ, ಕಾಯಿ ಹಾಳಾಗುತ್ತೆ. ನಡಿ, ಇನ್ನೂ ಮೂರು ಹೊಲ ಇದೆ ಅಂದ್ಯಲ್ಲ."